ಎಲ್ಲ ರಕ್ತವೂ ಮೂಲವ್ಯಾಧಿಯದಲ್ಲ

ಯಾವ ಊರಿನ ಬಸ್ ಸ್ಟ್ಯಾಂಡಿನಲ್ಲಾದರೂ ಇಳಿದು ನೋಡಿ. ಊರಿನ ಹೆಸರು ಕಾಣುವುದಕ್ಕೆ ಮೊದಲು ಮೂಲವ್ಯಾಧಿಯ ಬೋರ್ಡು ಕಾಣುತ್ತದೆ. ಕಾಂಪೌಂಡು ಗೋಡೆ, ಲೈಟು ಕಂಬ, ಶೌಚಾಲಯದ ಬಾಗಿಲು, ಎಲ್ಲ ಕಡೆ ಒಂದೇ ಒಕ್ಕಣೆ. ಮೂಲವ್ಯಾಧಿ, ಭಗಂದರ, ಫಿಷರ್. ಆಪರೇಷನ್ ಇಲ್ಲ, ನೋವಿಲ್ಲ, ಒಂದೇ ದಿನದಲ್ಲಿ ಗುಣ, ಗ್ಯಾರಂಟಿ! ಕೆಳಗೆ ಒಂದು ಫೋನ್ ನಂಬರು. ಡಾಕ್ಟರ ಹೆಸರು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸರ್ಕಾರಿ ಆಸ್ಪತ್ರೆಗೆ ಯಾವ ಕಡೆ ಹೋಗಬೇಕು ಎಂಬ ಬೋರ್ಡು ಮಾತ್ರ ದುರ್ಬೀನು ಹಾಕಿ ಹುಡುಕಬೇಕು.

ಗಿರಾಕಿ ಇಲ್ಲದೆ ಯಾರೂ ಅಂಗಡಿ ತೆರೆಯುವುದಿಲ್ಲ. ಈ ಬೋರ್ಡಿನ ಅಂಗಡಿಗೆ ಗಿರಾಕಿಗಳು ಧಾರಾಳವಾಗಿ ಇದ್ದಾರೆ. ಬೆಳಿಗ್ಗೆ ಎಂಟಕ್ಕೆ ಗಲ್ಲಾಪೆಟ್ಟಿಗೆಯ ಮುಂದೆ ಕೂತು ರಾತ್ರಿ ಒಂಬತ್ತಕ್ಕೆ ಏಳುವ ವರ್ತಕರು, ಹತ್ತು ಗಂಟೆ ಸ್ಟೀರಿಂಗ್ ಹಿಡಿಯುವ ಡ್ರೈವರುಗಳು, ಆರು ಗಂಟೆಯ ಬಸ್ಸು ತಪ್ಪೀತೆಂದು ಬಹಿರ್ದೆಸೆಯನ್ನೇ ಮುಂದಕ್ಕೆ ಹಾಕಿ ಓಡುವ ನೌಕರರು, ಹೊರಗಿನ ಶೌಚಾಲಯದ ಸ್ಥಿತಿ ನೆನೆಸಿಕೊಂಡು ಸಂಜೆವರೆಗೆ ನೀರೇ ಕುಡಿಯದ ಹೆಂಗಸರು. ಮಲ ಗಟ್ಟಿಯಾಗುತ್ತದೆ, ತಿಣುಕಬೇಕಾಗುತ್ತದೆ, ಗುದದ್ವಾರದ ರಕ್ತನಾಳಗಳು ಉಬ್ಬುತ್ತವೆ. ಒಂದು ದಿನ ಕೆಂಪು ಕಾಣುತ್ತದೆ.

ಕಂಡವರು ಏನು ಮಾಡುತ್ತಾರೆ? ಮೊದಲು ಯಾರಿಗೂ ಹೇಳುವುದಿಲ್ಲ. ಆಮೇಲೆ ಪಕ್ಕದ ಅಂಗಡಿಯವರ ಹತ್ತಿರ ಮೆಲ್ಲಗೆ ಬಾಯಿ ಬಿಟ್ಟರೆ, “ಅಯ್ಯೋ, ಉಷ್ಣ ಆಗಿದೆ ಬಿಡ್ರೀ, ಎರಡು ಎಳನೀರು ಕುಡೀರಿ” ಎಂಬ ಪುಕ್ಕಟೆ ಸಲಹೆ ಸಿಗುತ್ತದೆ. ಮನೆಯಲ್ಲಿ ಮಜ್ಜಿಗೆ, ಸುವರ್ಣಗಡ್ಡೆ ಪಲ್ಯ ಶುರುವಾಗುತ್ತದೆ. ಅವುಗಳಿಂದ ಕೇಡೇನೂ ಇಲ್ಲ. ಮಲ ಮೆತ್ತಗಾದರೆ ರಕ್ತ ನಾಲ್ಕು ದಿನ ನಿಲ್ಲಲೂ ಬಹುದು. ನಿಂತಿತಲ್ಲ ಎಂದು ಸುಮ್ಮನಾಗುತ್ತಾರೆ. ಕೇಡು ಇರುವುದು ಈ ಸುಮ್ಮನಾಗುವುದರಲ್ಲಿ.

ಮೂಲವ್ಯಾಧಿಯ ರಕ್ತಕ್ಕೂ ಕರುಳಿನ ಕ್ಯಾನ್ಸರಿನ ರಕ್ತಕ್ಕೂ ಮೇಲೆ ಲೇಬಲ್ ಅಂಟಿಸಿರುವುದಿಲ್ಲ. ಎರಡೂ ಬಂದು ಬಂದು ನಿಲ್ಲುತ್ತವೆ. ಎರಡಕ್ಕೂ ಮೊದಮೊದಲು ನೋವಿಲ್ಲ. ಇನ್ನೂ ತಾಪತ್ರಯದ ಸಂಗತಿ ಎಂದರೆ, ಮೂಲವ್ಯಾಧಿ ಇರುವ ಮನುಷ್ಯನಿಗೇ ಮೇಲೆ ಕರುಳಿನಲ್ಲಿ ಗಡ್ಡೆಯೂ ಇರಬಹುದು. ಮೂಲವ್ಯಾಧಿ ಬಂದವರಿಗೆ ಬೇರೆ ರೋಗ ಬರಬಾರದೆಂಬ ಕಾನೂನು ಶರೀರದಲ್ಲಿ ಇಲ್ಲ.

ಒಬ್ಬ ಕಿರಾಣಿ ವ್ಯಾಪಾರಿಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ವಯಸ್ಸು ನಲವತ್ತೆಂಟು. ಹತ್ತು ವರ್ಷದಿಂದ ಮೂಲವ್ಯಾಧಿ ಉಂಟು, ಬೇಸಿಗೆಯಲ್ಲಿ ಎರಡು ಹನಿ ರಕ್ತ ಬೀಳುವುದು ಅವರಿಗೆ ಹೊಸದಲ್ಲ. ಈ ಸಲ ರಕ್ತದ ಜೊತೆ ಲೋಳೆಯೂ ಹೋಗುತ್ತಿದೆ. ಬೆಳಿಗ್ಗೆ ಒಂದು ಸಲ ಹೋಗುತ್ತಿದ್ದವರು ಈಗ ನಾಲ್ಕು ಸಲ ಹೋಗುತ್ತಾರೆ. ಹೋಗಿ ಬಂದರೂ ಇನ್ನೂ ಒಳಗೆ ಏನೋ ಉಳಿದ ಹಾಗೆ. ಮತ್ತೆ ಹೋದರೆ ಬರಿ ಲೋಳೆ, ರಕ್ತ. ಹಳೆಯ ನೆಂಟನೇ ಬಂದಿದ್ದಾನೆ ಎಂದುಕೊಂಡು ಹಳೆಯ ಮುಲಾಮನ್ನೇ ಹಚ್ಚಿಕೊಳ್ಳುತ್ತಾರೆ. ಪ್ಯಾಂಟು ಸಡಿಲವಾದದ್ದನ್ನು ನೋಡಿ, ಬೊಜ್ಜು ಕರಗಿತು ಎಂದು ಸಂತೋಷಪಡುತ್ತಾರೆ. ಎಂಟು ತಿಂಗಳಾದ ಮೇಲೆ ಹೊಟ್ಟೆ ಉಬ್ಬಿ, ಮಲ ಕಟ್ಟಿ, ರಾತ್ರೋರಾತ್ರಿ ಆಸ್ಪತ್ರೆಗೆ ಸೇರುತ್ತಾರೆ. ಇಂಥ ಕಥೆ ಹೊಸದಲ್ಲ. ಯಾವ ಕ್ಯಾನ್ಸರ್ ಆಸ್ಪತ್ರೆಯ ಡಾಕ್ಟರನ್ನು ಕೇಳಿದರೂ ಮೊದಲ ವಾಕ್ಯದಿಂದಲೇ ಉಳಿದದ್ದನ್ನು ಅವರು ಹೇಳಿಬಿಡುತ್ತಾರೆ.

ಹಾಗಾದರೆ ರಕ್ತ ಕಂಡ ಕೂಡಲೇ ಎದೆ ಒಡೆದುಕೊಳ್ಳಬೇಕೆ? ಖಂಡಿತಾ ಇಲ್ಲ. ನೂರು ಜನರಲ್ಲಿ ಬಹುಪಾಲು ಮಂದಿಗೆ ಅದು ಮೂಲವ್ಯಾಧಿ ಇಲ್ಲವೇ ಗುದದ ಬಿರುಕು. ಕಣ್ಣು ಬಿಟ್ಟು ನೋಡುವುದನ್ನು ಮಾತ್ರ ಕಲಿಯಬೇಕು. ಕಕ್ಕಸಿನಲ್ಲಿ ಹಿಂದಿರುಗಿ ನೋಡುವುದು ಅಸಹ್ಯ ಎಂದು ಹಿರಿಯರು ಕಲಿಸಿದ್ದಾರೆ. ಅದನ್ನು ಸ್ವಲ್ಪ ಮರೆಯುವುದು ಒಳ್ಳೆಯದು.

ಮಲ ಹೋದ ಮೇಲೆ, ಮಲಕ್ಕೆ ಬೆರೆಯದೆ, ಹಸಿ ಕೆಂಪು ರಕ್ತ ಹನಿಹನಿಯಾಗಿ ತೊಟ್ಟಿಕ್ಕಿದರೆ, ನೋವೂ ಇಲ್ಲದಿದ್ದರೆ, ಸಾಮಾನ್ಯವಾಗಿ ಅದು ಮೂಲವ್ಯಾಧಿ. ಗಾಜಿನ ಚೂರು ಕೊಯ್ದಂತೆ ಉರಿ, ಕೂತರೆ ನಿಂತರೆ ನೋವು, ಮಲದ ಮೇಲೆ ಗೆರೆ ಎಳೆದಂತೆ ರಕ್ತ ಇದ್ದರೆ ಗುದದ ಬಿರುಕು, ಅಂದರೆ ಫಿಷರ್. ರಕ್ತ ಮಲದೊಳಗೆ ಬೆರೆತು ಬಂದರೆ, ಬಣ್ಣ ಕಪ್ಪುಗೆಂಪಾಗಿದ್ದರೆ, ಜೊತೆಗೆ ಲೋಳೆ ಇದ್ದರೆ, ಅದು ಬಾಗಿಲ ಹತ್ತಿರದ್ದಲ್ಲ, ಮನೆಯ ಒಳಗಿನದು ಎಂದು ಅನುಮಾನಿಸಬೇಕು. ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ನಾತ ಹೊಡೆಯುತ್ತಿದ್ದರೆ ರಕ್ತ ಬಹುಶಃ ಜಠರದಿಂದ ಬರುತ್ತಿದೆ. ಮಂಡಿನೋವಿಗೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿದವರಲ್ಲಿ ಜಠರದ ಹುಣ್ಣು ಹೀಗೆ ರಕ್ತ ಸುರಿಸುವುದುಂಟು. ಆಗ ತಲೆ ಸುತ್ತಿ, ಮೈ ತಣ್ಣಗೆ ಬೆವರಿದರೆ 108ಕ್ಕೆ ಫೋನ್ ಮಾಡಬೇಕು, ಬಸ್ಸಿಗೆ ಕಾಯಬಾರದು.

ಇಲ್ಲೊಂದು ಸಮಾಧಾನದ ಮಾತೂ ಉಂಟು. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ. ಹಿಂದಿನ ದಿನ ಬೀಟ್‌ರೂಟ್ ಪಲ್ಯ ಹೊಡೆದಿದ್ದರೆ ಬೆಳಿಗ್ಗೆ ಕೆಂಪಾಗುತ್ತದೆ. ಬೀಟ್‌ರೂಟ್ ತಿಂದು ಉಯಿಲು ಬರೆಸಲು ವಕೀಲರ ಮನೆಗೆ ಓಡಬೇಕಾಗಿಲ್ಲ.

ಬಣ್ಣ ನೋಡಿ ತಾವೇ ತೀರ್ಪು ಕೊಟ್ಟುಕೊಳ್ಳುವುದೂ ತಪ್ಪು. ಗುದನಾಳದ ಕೆಳತುದಿಯಲ್ಲಿ ಎದ್ದ ಗಡ್ಡೆಯಿಂದಲೂ ಹಸಿ ಕೆಂಪು ರಕ್ತವೇ ಬರುತ್ತದೆ. ಬಣ್ಣ ಒಂದು ಸುಳಿವು ಅಷ್ಟೆ. ಸಾಕ್ಷಿ ಬೇಕಾದರೆ ಪರೀಕ್ಷೆಯೇ ಆಗಬೇಕು.

ಇನ್ನು ಲೋಳೆಯ ವಿಚಾರ. ಕರುಳಿನ ಒಳಗೋಡೆ ತನ್ನ ಕೆಲಸಕ್ಕಾಗಿ ಸ್ವಲ್ಪ ಲೋಳೆ ಸುರಿಸುವುದು ಸಹಜ. ಕಾಣುವಷ್ಟು ಹೋದಾಗ ಪ್ರಶ್ನೆ ಏಳುತ್ತದೆ. ಪರೀಕ್ಷೆಯ ಕಾಲ, ಮಗಳ ಮದುವೆ, ಸಾಲಗಾರರ ಕಾಟ, ಇಂಥ ಹೊತ್ತಿನಲ್ಲಿ ಹೊಟ್ಟೆ ಹಿಂಡಿ, ಒಂದು ದಿನ ಭೇದಿ ಒಂದು ದಿನ ಮಲಬದ್ಧತೆಯಾಗಿ, ಬಿಳಿ ಲೋಳೆ ಹೋಗುವವರಿದ್ದಾರೆ. ಅದರಲ್ಲಿ ರಕ್ತ ಇರುವುದಿಲ್ಲ, ತೂಕ ಇಳಿಯುವುದಿಲ್ಲ, ರಾತ್ರಿ ನಿದ್ದೆಯಿಂದ ಎಬ್ಬಿಸುವುದಿಲ್ಲ. ಪೀಡೆ ಹೌದು, ಪ್ರಾಣಾಂತಿಕ ಅಲ್ಲ. ಲೋಳೆಗೆ ರಕ್ತ ಸೇರಿದರೆ ಲೆಕ್ಕ ಬದಲಾಗುತ್ತದೆ.

ಜ್ವರ, ಹೊಟ್ಟೆನುಲಿತದ ಜೊತೆ ಎರಡು ದಿನದಲ್ಲಿ ದಿಢೀರನೆ ರಕ್ತ, ಲೋಳೆ ಶುರುವಾದರೆ ಅದು ಆಮಶಂಕೆ, ರಕ್ತಭೇದಿ. ಇದರ ಮೂಲ ಹೊಲಸು ನೀರು, ಹೊಲಸು ಕೈ. ಆಮಶಂಕೆಯ ಅಮೀಬಾವನ್ನು 1875ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ವೈದ್ಯ ಲೋಶ್ ರೋಗಿಯ ಮಲದಲ್ಲೇ ಕಂಡರು. ರಕ್ತಭೇದಿಯ ಇನ್ನೊಂದು ಕ್ರಿಮಿಯನ್ನು 1897ರಲ್ಲಿ ಜಪಾನಿನ ಶಿಗಾ ಹಿಡಿದರು. ನೂರೈವತ್ತು ವರ್ಷದ ಹಿಂದೆ ಗೊತ್ತಾದ ಕ್ರಿಮಿ ಇವತ್ತೂ ನಲ್ಲಿಯಲ್ಲಿ ಬರುತ್ತದೆ ಎಂದರೆ ಪುರಪಿತೃಗಳು ಏನು ಹೇಳುತ್ತಾರೆ? 2022ರಲ್ಲಿ ರಾಯಚೂರಿನಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ವಾಂತಿಭೇದಿಯಾಗಿ ಜೀವಗಳೇ ಹೋದವು. ಚರಂಡಿಯ ಪಕ್ಕದಲ್ಲೇ ಕುಡಿಯುವ ನೀರಿನ ಪೈಪು ಹಾಯಿಸಿ, ಅದು ಒಡೆದರೆ ರಬ್ಬರ್ ಟ್ಯೂಬು ಸುತ್ತಿ ಹೋಗುವ ರಿಪೇರಿಯನ್ನು ದಿನಾ ನೋಡುವವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಊರಿನ ಕರುಳಿನ ಅರ್ಧ ಆರೋಗ್ಯ ಆ ಪೈಪಿನಲ್ಲಿದೆ.

ರಕ್ತಭೇದಿಗೆ ಮೆಡಿಕಲ್ ಶಾಪಿನಲ್ಲಿ “ಭೇದಿ ನಿಲ್ಲೋ ಮಾತ್ರೆ ಕೊಡಿ” ಎಂದು ಕೇಳಿ ನುಂಗುವುದು ದೊಡ್ಡ ತಪ್ಪು. ರಕ್ತ ಹೋಗುವಾಗ ಕರುಳಿನ ಚಲನೆಯನ್ನು ಕಟ್ಟಿಹಾಕಿದರೆ ವಿಷ ಒಳಗೇ ಉಳಿಯುತ್ತದೆ. ಓಆರ್‌ಎಸ್ ಕುಡಿಯುತ್ತಾ ಡಾಕ್ಟರ ಹತ್ತಿರ ಹೋಗಬೇಕು, ಮಲಪರೀಕ್ಷೆ ಮಾಡಿಸಬೇಕು. ಎರಡು ವರ್ಷದೊಳಗಿನ ಕೂಸು ಬಿಟ್ಟು ಬಿಟ್ಟು ಚೀರಿ ಅತ್ತು, ಕಾಲು ಮಡಚಿಕೊಂಡು, ಕೆಂಪು ಜೆಲ್ಲಿಯಂಥ ಮಲ ಮಾಡಿದರೆ ದೃಷ್ಟಿ ತೆಗೆಯುತ್ತಾ ಕೂರಬಾರದು. ಅದು ಕರುಳಿನೊಳಗೆ ಕರುಳು ಹೊಕ್ಕಿರುವ ಗುರುತು ಆಗಿರಬಹುದು. ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕು.

ವಾರಗಟ್ಟಲೆ, ತಿಂಗಳುಗಟ್ಟಲೆ ರಕ್ತ ಮತ್ತು ಲೋಳೆ ಹೋಗುತ್ತಿದ್ದರೆ ಅದನ್ನು ಆಮಶಂಕೆ ಎಂದು ಕರೆಯುವುದನ್ನು ನಿಲ್ಲಿಸಬೇಕು. ದೊಡ್ಡ ಕರುಳಿನ ಒಳಗೋಡೆಯೇ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ಎಂಬ ಕಾಯಿಲೆ ಇದೆ. ಹೆಚ್ಚಾಗಿ ಹರೆಯದಲ್ಲೇ ಶುರುವಾಗುತ್ತದೆ. ಜಪಾನಿನ ಪ್ರಧಾನಿಯಾಗಿದ್ದ ಶಿಂಜೊ ಅಬೆ ಅವರನ್ನು ಇದು ಎಳೆಯ ವಯಸ್ಸಿನಿಂದಲೇ ಹಿಡಿದಿತ್ತು. 2007ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ ಕುರ್ಚಿ ಬಿಡುವಂತೆ ಮಾಡಿತು. ಅವರು ಕಾಯಿಲೆಯ ಹೆಸರನ್ನು ದೇಶಕ್ಕೇ ಹೇಳಿದರು. ನಮ್ಮಲ್ಲಿ ಹೆಂಡತಿಗೂ ಹೇಳುವುದಿಲ್ಲ. ಈ ಕಾಯಿಲೆಗೆ ವರ್ಷಗಟ್ಟಲೆ ಆಮಶಂಕೆ ಮಾತ್ರೆ ನುಂಗಿ, ಕೊನೆಗೆ ಮೈಯಲ್ಲಿ ರಕ್ತವೇ ಇಲ್ಲದೆ ಬರುವ ಕಾಲೇಜು ಹುಡುಗರಿದ್ದಾರೆ. ಕರುಳಿನ ಕ್ಷಯವೂ ನಮ್ಮ ದೇಶದಲ್ಲಿ ಇನ್ನೂ ಉಂಟು ಎಂಬುದನ್ನು ಮರೆಯುವಂತಿಲ್ಲ.

ಕಣ್ಣಿಗೆ ಕಾಣದ ರಕ್ತದ ಕಥೆಯೊಂದಿದೆ. ಹಳಬರಿಗೆ ನೆನಪಿರಬಹುದು. ಅಮೆರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್ನರ ಮಲದಲ್ಲಿ 1985ರ ಮಾರ್ಚ್ ತಪಾಸಣೆಯಲ್ಲಿ ರಕ್ತದ ಕುರುಹು ಸಿಕ್ಕಿತು. ಅವರಿಗೆ ಕಾಣುವ ತೊಂದರೆ ಏನೂ ಇರಲಿಲ್ಲ. ಜುಲೈ 12ರಂದು ದೊಡ್ಡ ಕರುಳಿನ ಒಳಗೆಲ್ಲ ಕೊಳವೆ ಹಾಯಿಸಿ ನೋಡಿದಾಗ ಬಲತುದಿಯಲ್ಲಿ ದೊಡ್ಡದೊಂದು ಗಂಟು ಕಂಡಿತು. ಮರುದಿನವೇ ಆಪರೇಷನ್. ಸುಮಾರು ಎರಡು ಅಡಿ ಕರುಳು ತೆಗೆದರು. ಗಂಟಿನಲ್ಲಿ ಕ್ಯಾನ್ಸರ್ ಇತ್ತು. ರೇಗನ್ 2004ರವರೆಗೆ ಬದುಕಿದರು, 93 ವರ್ಷ. ಸಾವಿಗೆ ಈ ಕ್ಯಾನ್ಸರ್ ಕಾರಣವಾಗಿರಲಿಲ್ಲ.

ಇದು ದೊಡ್ಡವರ ಮಾತು, ನಮಗೆಲ್ಲಿ ಎನ್ನಬೇಡಿ. ಕರುಳಿನ ಒಳಗೋಡೆಯಲ್ಲಿ ಮೊಗ್ಗಿನಂತೆ ಏಳುವ ಸಣ್ಣ ಗಂಟು ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಹಿಡಿಯುತ್ತದೆ. ಆ ಹತ್ತು ವರ್ಷದಲ್ಲಿ ಯಾವತ್ತು ಸಿಕ್ಕರೂ ಕೊಳವೆಯ ಮೂಲಕವೇ ಚಿವುಟಿ ಹಾಕಬಹುದು. ಇಷ್ಟು ಕಾಲಾವಕಾಶ ಕೊಡುವ ಕ್ಯಾನ್ಸರ್ ಅಪರೂಪ. ಅಮೆರಿಕದ ಲೆಕ್ಕದ ಪ್ರಕಾರ, ಕ್ಯಾನ್ಸರ್ ಕರುಳಿನಲ್ಲೇ ಇರುವಾಗ ಸಿಕ್ಕವರಲ್ಲಿ ನೂರಕ್ಕೆ ಸುಮಾರು 90 ಮಂದಿ ಐದು ವರ್ಷ ದಾಟುತ್ತಾರೆ. ಯಕೃತ್ತು, ಶ್ವಾಸಕೋಶಕ್ಕೆ ಹರಡಿದ ಮೇಲೆ ಸಿಕ್ಕವರಲ್ಲಿ ಸುಮಾರು 15 ಮಂದಿ. ಕಾಯಿಲೆ ಒಂದೇ, ಡಾಕ್ಟರ ಬಾಗಿಲು ತಟ್ಟಿದ ದಿನ ಬೇರೆ.

2022ರಲ್ಲಿ ಪ್ರಪಂಚದಾದ್ಯಂತ ಸುಮಾರು 19 ಲಕ್ಷ ಮಂದಿಗೆ ದೊಡ್ಡ ಕರುಳು, ಗುದನಾಳದ ಕ್ಯಾನ್ಸರ್ ಬಂದಿತು, 9 ಲಕ್ಷ ಮಂದಿ ಸತ್ತರು. ನಮ್ಮ ದೇಶದಲ್ಲಿ ಪಾಶ್ಚಾತ್ಯರಷ್ಟು ಇಲ್ಲ ಎಂಬುದು ನಿಜ. ಆದರೆ ಬಂದವರಲ್ಲಿ ನಲವತ್ತರ ಒಳಗಿನವರ ಪಾಲು ಇಲ್ಲಿ ಹೆಚ್ಚು, ತಡವಾಗಿ ಬರುವವರೂ ಹೆಚ್ಚು. ವಯಸ್ಸಾದವರ ರೋಗ ಎಂಬ ಧೈರ್ಯ ಬೇಡ. ‘ಬ್ಲ್ಯಾಕ್ ಪ್ಯಾಂಥರ್’ ಚಿತ್ರದ ನಾಯಕ ಚಾಡ್ವಿಕ್ ಬೋಸ್ಮನ್ 2020ರಲ್ಲಿ ಇದೇ ರೋಗದಿಂದ ತೀರಿಕೊಂಡಾಗ ಅವರಿಗೆ 43.

ಈಗ ಮತ್ತೆ ಬಸ್ ಸ್ಟ್ಯಾಂಡಿನ ಬೋರ್ಡಿಗೆ ಬರೋಣ. ಕ್ಯಾನ್ಸರ್ ಗುಣಮಾಡುತ್ತೇವೆ ಎಂದು ಜಾಹೀರಾತು ಕೊಡುವುದಕ್ಕೆ 1954ರ ಕೇಂದ್ರ ಕಾಯ್ದೆಯ ನಿಷೇಧವಿದೆ. ಹಾಗಾಗಿ ಗೋಡೆಯ ಮೇಲೆ ಆ ಶಬ್ದ ಇರುವುದಿಲ್ಲ. ಇರುವುದು ಮೂಲವ್ಯಾಧಿ. ಆದರೆ ಅದನ್ನು ಓದಿ ಒಳಗೆ ಹೋಗುವ ಗಿರಾಕಿಗಳಲ್ಲಿ ಯಾರ ರಕ್ತ ಯಾವುದರದ್ದು ಎಂದು ಬೇರ್ಪಡಿಸುವವರು ಯಾರು? ಪರೀಕ್ಷೆ ಇಲ್ಲದೆ ಇಂಜೆಕ್ಷನ್ ಚುಚ್ಚುವುದು, ಸುಡುವ ಔಷಧ ಹಚ್ಚುವುದು, ಸಾವಿರಾರು ರೂಪಾಯಿ ಎಣಿಸಿಕೊಳ್ಳುವುದು ಈ ದಂಧೆಯ ರೀತಿ. ಸುಟ್ಟ ಗಾಯ ಮಾಯುವಾಗ ಗುದದ್ವಾರವೇ ಕಿರಿದಾಗಿ, ಮಲ ಹೋಗುವುದೇ ಕಷ್ಟವಾಗಿ ಸರ್ಜನ್ನರ ಹತ್ತಿರ ಬಂದವರುಂಟು. ಅವರಲ್ಲಿ ಎಷ್ಟು ಜನ ಪೊಲೀಸ್ ಠಾಣೆಗೆ ಹೋಗಿ ಈ ವಿಷಯ ಬರೆದುಕೊಟ್ಟಾರು? ನಾಚಿಕೆಯೇ ಈ ವ್ಯಾಪಾರದ ಬಂಡವಾಳ.

ಕಲಿತ ಆಯುರ್ವೇದ ವೈದ್ಯರನ್ನು ಈ ಸಾಲಿಗೆ ಸೇರಿಸುವುದು ಅನ್ಯಾಯ. ಭಗಂದರಕ್ಕೆ ಕ್ಷಾರಸೂತ್ರ ಎಂಬ ದಾರದ ಚಿಕಿತ್ಸೆ ಪರೀಕ್ಷೆಗೆ ನಿಂತು ಗೆದ್ದಿದೆ. ಆಯುರ್ವೇದ ಕಾಲೇಜುಗಳ ಆಸ್ಪತ್ರೆಗಳಲ್ಲಿ ಪದವಿ ಪಡೆದವರು ಅದನ್ನು ಮಾಡುತ್ತಾರೆ. ಅವರೂ ಮೊದಲು ಪರೀಕ್ಷೆ ಮಾಡುತ್ತಾರೆ, ಅನುಮಾನ ಬಂದರೆ ಮುಂದಕ್ಕೆ ಕಳಿಸುತ್ತಾರೆ. ವ್ಯತ್ಯಾಸ ಇರುವುದು ಅಲ್ಲಿ.

ಆ ಪರೀಕ್ಷೆಯಾದರೂ ಎಷ್ಟರದು? ಡಾಕ್ಟರು ಕೈಗವಸು ಹಾಕಿ, ಬೆರಳಿನಿಂದ ಗುದನಾಳದ ಒಳಗೋಡೆಯನ್ನು ಸುತ್ತ ಮುಟ್ಟಿ ನೋಡುತ್ತಾರೆ. ಎರಡು ನಿಮಿಷ. ಏಳೆಂಟು ಸೆಂಟಿಮೀಟರ್ ಒಳಗಿನ ಗಡ್ಡೆ ಬೆರಳಿಗೇ ಸಿಕ್ಕಿಬಿಡುತ್ತದೆ. ಆಮೇಲೆ ಒಂದು ಗಿಡ್ಡ ಕೊಳವೆಯಿಟ್ಟು ಬೆಳಕು ಬಿಟ್ಟರೆ ಮೂಲವ್ಯಾಧಿ ಕಣ್ಣಿಗೇ ಕಾಣುತ್ತದೆ. ಸರ್ಜನ್ ಇರುವ ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವ ಕೆಲಸ ಇದು. ಮಲದ ಪದ್ಧತಿ ಮೂರು ನಾಲ್ಕು ವಾರದಿಂದ ಬದಲಾಗಿದ್ದರೆ, ತೂಕ ಇಳಿದಿದ್ದರೆ, ಕಾರಣವಿಲ್ಲದೆ ಹಿಮೋಗ್ಲೋಬಿನ್ ಇಳಿದಿದ್ದರೆ, ವಯಸ್ಸು ನಲವತ್ತು ದಾಟಿದ್ದರೆ, ತಂದೆತಾಯಿ ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದಿದ್ದರೆ, ಇಷ್ಟಕ್ಕೇ ನಿಲ್ಲದೆ ಪೂರ್ತಿ ಕರುಳು ನೋಡುವ ಕೊಲೊನೋಸ್ಕೋಪಿ ಆಗಬೇಕು ಎಂದು ರೋಗಿಯೇ ಬಾಯಿಬಿಟ್ಟು ಕೇಳಬೇಕು. ಹಿಂದಿನ ದಿನ ಭೇದಿಯ ಔಷಧಿ ಕುಡಿದು ಹೊಟ್ಟೆ ಖಾಲಿ ಮಾಡುವುದೇ ಅದರಲ್ಲಿ ಬೇಸರದ ಭಾಗ, ಉಳಿದದ್ದು ಅರ್ಧ ಗಂಟೆಯ ಮಾತು.

ಸರ್ಕಾರದ ಕಡೆಯಿಂದ ಕೇಳಬೇಕಾದ್ದೂ ಇದೆ. ಮೂವತ್ತು ದಾಟಿದವರಿಗೆ ಆರೋಗ್ಯ ಇಲಾಖೆ ಮಾಡಿಸುವ ಕ್ಯಾನ್ಸರ್ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕೊರಳು ಮೂರೇ ಇವೆ. ಕರುಳು ಅದರಲ್ಲಿಲ್ಲ. ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಬಂದು ರಕ್ತ ಹೋಗುತ್ತದೆಯೇ ಎಂದು ಕೇಳುವ ತನಕ ಕಾದರೆ ಆಗದು. ಚಿಕಿತ್ಸೆಯ ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅನುಕೂಲವಿದೆ. ಸರ್ಕಾರಿ ಆಸ್ಪತ್ರೆಯ ಚೀಟಿಯಿಂದ ಶುರುಮಾಡಿದರೆ ಬೆಂಗಳೂರಿನ ಕಿದ್ವಾಯಿಯವರೆಗೆ ದಾರಿ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಜಿಲ್ಲಾ ಕೇಂದ್ರಕ್ಕೆ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ. ಆದರೆ ಹೋದ ಮೇಲೆ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಅಡ್ಡ ಪರದೆಯಾದರೂ ಉಂಟೆ, ಪಕ್ಕದಲ್ಲಿ ನಿಲ್ಲಲು ನರ್ಸಮ್ಮ ಉಂಟೆ? ಇಪ್ಪತ್ತು ಜನರ ಕ್ಯೂ ಮುಂದೆ “ಏನಮ್ಮಾ, ಎಲ್ಲಿ ರಕ್ತ ಹೋಗ್ತದೆ?” ಎಂದು ಕೂಗಿ ಕೇಳಿದರೆ ಯಾವ ಹೆಂಗಸು ಉತ್ತರ ಕೊಟ್ಟಾಳು? ಬಂದ ದಾರಿಯಲ್ಲೇ ವಾಪಸು ಬಸ್ ಸ್ಟ್ಯಾಂಡಿಗೆ ಹೋಗುತ್ತಾಳೆ. ಅಲ್ಲಿ ಬೋರ್ಡು ಕಾದಿರುತ್ತದೆ.

2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಪ್ರತಿ ಖಾಸಗಿ ಕ್ಲಿನಿಕ್ಕೂ ಜಿಲ್ಲಾ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ಗೋಡೆಯ ಮೇಲಿನ ಫೋನ್ ನಂಬರುಗಳಿಗೆ ಆರೋಗ್ಯ ಇಲಾಖೆಯವರೇ ಒಂದೊಂದು ಫೋನ್ ಮಾಡಿ, ನೋಂದಣಿ ಸಂಖ್ಯೆ ಎಷ್ಟು ಎಂದು ಕೇಳಬಹುದು. ಒಬ್ಬ ಗುಮಾಸ್ತನ ಒಂದು ಮಧ್ಯಾಹ್ನದ ಕೆಲಸ. ಬೋರ್ಡು ಹಚ್ಚಲು ಗೋಡೆ ಬಿಟ್ಟುಕೊಟ್ಟವರು ಯಾರು, ಅದಕ್ಕೆ ನಗರಸಭೆಗೆ ಜಾಹೀರಾತು ತೆರಿಗೆ ಬಂದಿದೆಯೇ ಎಂಬುದನ್ನೂ ಅದೇ ಕೈಯಲ್ಲಿ ನೋಡಬಹುದು.

ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲಿ ದುಡ್ಡು ಕೊಟ್ಟು ಒಳಗೆ ಹೋದವರು ಕೂತಲ್ಲಿಂದ ನೋಡುವುದು ಬಾಗಿಲಿನ ಒಳಮೈಯನ್ನೇ. ಈಗ ಅಲ್ಲಿ ಅಂಟಿರುವುದು ಒಂದೇ ದಿನದಲ್ಲಿ ಗುಣ ಎಂಬ ಚೀಟಿ. ಅದನ್ನು ಕೆರೆದು ತೆಗೆದು, ರಕ್ತ ಕಂಡರೆ ಸರ್ಜನ್ನರನ್ನು ನೋಡಿ, ಜಿಲ್ಲಾಸ್ಪತ್ರೆಯ ಇಂಥ ಕೊಠಡಿ, ಇಂಥ ವೇಳೆ, ಹೆಂಗಸರಿಗೆ ಇಂಥ ದಿನ ಲೇಡಿ ಡಾಕ್ಟರ್ ಎಂದು ನಾಲ್ಕು ಸಾಲು ಬರೆಸುವುದಕ್ಕೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಡಬ್ಬಿ ಬಣ್ಣ ಸಾಕು. ಮಳೆಗಾಲಕ್ಕೆ ಮೊದಲು ಬರೆಸಿದರೆ ಒಣಗುತ್ತದೆ.